ನಾನು ಹಿಂಡಿದ ಹಾಲು

"ರೀ, ಅದು ನಿಮ್ಮ ಬನೀನು!"

ನನ್ನ ಹೆಂಡತಿ ಚನ್ನವೀರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಿದಾಗ ನಾನು ಬರಿಮೈಯಲ್ಲಿ, ರುಬ್ಬಿದ ಶೇಂಗಾ ತುಂಬಿದ ಬನಿಯನ್ನನ್ನು ಎರಡೂ ಕೈಯಿಂದ ತಿರುಚುತ್ತಿದ್ದೆ.

ನಾನು: ಒಗದಿದ್ದ ಐತಿ ಬಿಡು.

ಚನ್ನವೀರಮ್ಮ: ಒಗದಾಕಿ ನಾನು. ಅದೆಷ್ಟು ಸ್ವಚ್ಛ ಐತಿ ಅಂತ ನನಗ ಗೊತ್ತೈತಿ.

ನಾನು ಇನ್ನೂ ಜೋರಾಗಿ ತಿರುಚಿದೆ. ಹೊಲಿಗೆ ಬಿಟ್ಟಿತು. ಪಾತ್ರೆಗೆ ಬೀಳಬೇಕಾದ ಹಾಲು ನನ್ನ ಕನ್ನಡಕ, ಎದೆ, ಹೊಟ್ಟೆಯ ಮೇಲೆ ಚಿಮ್ಮಿತು. ಹೆಚ್ಚಿನ ಪಾಲು ಹೊಟ್ಟೆಗೇ, ಗುರಿ ದೊಡ್ಡದಿತ್ತು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆಂದು ಬಳ್ಳಾರಿಯ ಗಾಂಧಿನಗರದ ಡಾಕ್ಟರ ಹತ್ತಿರ ಹೋಗಿದ್ದೆ. ಸ್ವಲ್ಪ ದಿನ ಹಾಲು ಬಿಡಿ ಎಂದರು. ಹಾಲನ್ನೇನೋ ಬಿಡಬಹುದು, ಚಹಾ ಬಿಡುವುದು ಹೇಗೆ? ಮೊಬೈಲಿನಲ್ಲಿ ಒಬ್ಬಾಕೆ ನಗುನಗುತ್ತಾ ಬಾದಾಮಿ ಹಿಂಡಿ ಹಾಲು ತೆಗೆಯುವುದನ್ನು ನೋಡಿದೆ. ಬಾದಾಮಿಗೆ ನಮ್ಮ ಮನೆಯಲ್ಲಿ ಮಂಜೂರಾತಿ ಸಿಗಲಿಲ್ಲ. ಕುರುಗೋಡಿನಿಂದ ತಮ್ಮ ಗಾದೆಪ್ಪ ಕಳಿಸಿದ್ದ ಶೇಂಗಾ ಚೀಲ ಕೈಗೆ ಸಿಕ್ಕಿತು.

ಚನ್ನವೀರಮ್ಮ: ಚಟ್ನಿಪುಡಿಗೆ ಇಟ್ಟಿದ್ದ ಶೇಂಗಾ! ಅರ್ಧ ನಿಮ್ಮ ಹೊಟ್ಟಿ ಮ್ಯಾಲೈತಿ, ಅರ್ಧ ಗ್ವಾಡಿ ಮ್ಯಾಲೈತಿ.

ನಾನು (ಗಟ್ಟಿಯಾಗಿ): ಇನ್ನ ಮುಂದ ದಿನಾ ನಾನ ಹಿಂಡ್ತೀನಿ! ಹೊರಗಿನ ಹಾಲು ಬ್ಯಾಡ ನನಗ!

ಅದೇ ಹೊತ್ತಿಗೆ ಹಾಲಿನ ವಿರೂಪಮ್ಮ ಕ್ಯಾನು ಹಿಡಿದು ಹೊಸ್ತಿಲಿಗೆ ಬಂದಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ವಿರೂಪಮ್ಮ: ಅಕ್ಕಾ, ಎಮ್ಮಿ ಯಾವಾಗ ತಂದ್ರಿ?

ಚನ್ನವೀರಮ್ಮ: ಯಾವ ಎಮ್ಮೀನ?

ವಿರೂಪಮ್ಮ: ಅಣ್ಣಾರು ದಿನಾ ಹಿಂಡ್ತೀನಿ ಅಂದ್ರಲ್ಲ. ಮೈಯೆಲ್ಲ ಹಾಲಾಗೈತಿ. ಒದೀತೇನು?

ನಾನು: ಅದು ಒದಿಯಂಗಿಲ್ಲವಾ. ಶೇಂಗಾ ಅದು.

ವಿರೂಪಮ್ಮ: ಶೇಂಗಾ ಅಂತ ಹೆಸರಿಟ್ಟೀರಾ? ಚಲೋ ಐತಿ. ಎಲ್ಲಿ ಕಟ್ಟೀರಿ?

ಚನ್ನವೀರಮ್ಮ: ಬನೀನಿನಾಗ.

ನಾನು: ಎಮ್ಮಿ ಇಲ್ಲವಾ ತಾಯಿ! ಕಾಳಿನ ಹಾಲು ಇದು. ಖರೇ ಅಂದ್ರ ಬಾದಾಮಿ ಹಾಲು ಆಗಬೇಕಿತ್ತು...

ವಿರೂಪಮ್ಮ: ಬಾದಾಮಿದಾ? ಆ ಊರಿಂದ ಬಳ್ಳಾರಿಗೆ ಬರೋದ್ರಾಗ ಒಡದು ಹೋಗತೈತಿ. ಅಷ್ಟು ದೂರದ ಹಾಲು ಬೇಕಾತಾ ನಿಮಗ? ನನ್ನ ಹಾಲಿಗೆ ಏನಾಗೈತಿ? ನೀರು ಹಾಕೀನಾ?

ಚನ್ನವೀರಮ್ಮ: ಛೇ ಛೇ, ಯಾರಂದ್ರು?

ನಾನು: ಒಂದೊಂದು ದಿನ ಮಾತ್ರ ಸ್ವಲ್ಪ...

ಹೆಂಡತಿ ನೋಡಿದ ನೋಟಕ್ಕೆ ಕನ್ನಡಕ ಒರೆಸತೊಡಗಿದೆ. ವಿರೂಪಮ್ಮ ಕ್ಯಾನಿನ ಮುಚ್ಚಳ ಒತ್ತಿ ಹಾಕಿದಳು.

ವಿರೂಪಮ್ಮ: ಆತ್ರಿ. ನಾಳಿಂದ ನಾ ಬರಂಗಿಲ್ಲ. ಮೊಸರು, ಬೆಣ್ಣಿ, ಎಲ್ಲಾ ಅಣ್ಣಾರ ಕಡೀಲಿಂದನ ಹಿಂಡಿಸ್ಕೋರಿ.

ಸಿರುಗುಪ್ಪದ ತವರಿನಲ್ಲಿ ಎಮ್ಮೆಯ ಗಟ್ಟಿ ಮೊಸರುಂಡು ಬೆಳೆದ ನನ್ನ ಹೆಂಡತಿಯ ಮುಖ ಬಿಳುಪೇರಿತು. ವಿರೂಪಮ್ಮ ಒಮ್ಮೆ ಬಿಟ್ಟ ಮನೆಗೆ ಮತ್ತೆ ಹಾಲು ಹಾಕಿದ್ದನ್ನು ನಮ್ಮ ಸತ್ಯನಾರಾಯಣಪೇಟೆಯಲ್ಲಿ ಯಾರೂ ಕಂಡಿಲ್ಲ.

ಚನ್ನವೀರಮ್ಮ: ಕುಂದ್ರವಾ, ಚಹಾ ಕುಡದು ಹೋಗು. ಇವರ ಮಾತು ನಾನ ಕಿವ್ಯಾಗ ಹಾಕ್ಕಳ್ಳಂಗಿಲ್ಲ, ನೀ ಯಾಕ ಹಾಕ್ಕಂತಿ?

ಎರಡು ಬಗೆಯ ಚಹಾ ಬಂತು. ಅವರಿಬ್ಬರದು ಎಮ್ಮೆ ಹಾಲಿನದು. ನನ್ನ ಲೋಟದಲ್ಲಿ ಶೇಂಗಾ ಹಾಲು ಒಡೆದು, ಕಂದು ನೀರಿನಲ್ಲಿ ಬಿಳಿ ಚೂರುಗಳು ಈಜುತ್ತಿದ್ದವು. ಮರ್ಯಾದೆಯ ಪ್ರಶ್ನೆ, ಕುಡಿದೆ.

ವಿರೂಪಮ್ಮ: ಹೆಂಗೈತ್ರಿ ಅಣ್ಣಾ?

ನಾನು: ಭಾಳ ಚಲೋ ಐತಿ.

ವಿರೂಪಮ್ಮ: ಮತ್ತ ಕಣ್ಣಾಗ ನೀರು?

ನಾನು: ಬಿಸಿ ಐತಿ.

ಚನ್ನವೀರಮ್ಮ: ಚಹಾದಾಗ ಉಪ್ಪಿಟ್ಟು ತೇಲಾಕತ್ತೈತಿ. ಚಮಚ ಕೊಡ್ಲೇನು?

ವಿರೂಪಮ್ಮ ನಗಲಿಲ್ಲ. ಅವಳ ಕಣ್ಣು ಕಟ್ಟೆಯ ಮೇಲಿದ್ದ ಬನಿಯನ್ನಿನ ಗಂಟಿನ ಮೇಲೆ ನಿಂತಿತ್ತು.

ವಿರೂಪಮ್ಮ: ಇದರಾಗ ಉಳಿದಿದ್ದನ್ನ ಏನ್ ಮಾಡ್ತೀರಿ?

ನಾನು: ಆ ಹಿಪ್ಪಿನಾ? ಚೆಲ್ಲೋದು.

ವಿರೂಪಮ್ಮ: ಶೇಂಗಾ ಚೆಲ್ತಾರಾ ಯಾರರ! ಕೊಡ್ರಿ ಇಲ್ಲಿ.

ಬನಿಯನ್ ಸಮೇತ ಎತ್ತಿಕೊಂಡು ಎದ್ದಳು.

ಚನ್ನವೀರಮ್ಮ (ಅಳುಕುತ್ತಾ): ನಾಳಿಗೆ ಹಾಲು ಬರತೈತೇನವಾ?

ವಿರೂಪಮ್ಮ: ಎಮ್ಮೀನ ಕೇಳಿ ಹೇಳ್ತೀನಿ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ವಿರೂಪಮ್ಮ ದಿನಕ್ಕಿಂತ ಬೇಗ ಬಂದಳು. ಅಳತೆ ಹಾಲು ಹಾಕಿ, "ಎಮ್ಮಿ ಇವತ್ತು ಹೆಚ್ಚಿಗಿ ಕೊಟ್ಟೈತಿ" ಎನ್ನುತ್ತಾ ಮೇಲೊಂದಿಷ್ಟು ಕೊಸರೂ ಸುರಿದಳು. ಆಮೇಲೆ ಒಗೆದು ಮಡಿಚಿದ ನನ್ನ ಬನಿಯನ್ನನ್ನು ಸೆರಗಿನಿಂದ ತೆಗೆದು ಕೊಟ್ಟಳು. ಕುತ್ತಿಗೆ, ತೋಳು ಎಲ್ಲ ಮುಚ್ಚಿ ದಪ್ಪ ದಾರದಲ್ಲಿ ಹೊಲಿದಿದ್ದಳು. ಇನ್ನು ಅದು ಚೀಲವೇ. ತೊಡುವ ಆಸೆ ಬಿಡಬೇಕು.

ವಿರೂಪಮ್ಮ: ಇನ್ನ ಹರಿಯಂಗಿಲ್ಲ ಅಣ್ಣಾ. ದಿನಾ ಹಿಂಡ್ರಿ.

ನಾನು (ಎದೆಯುಬ್ಬಿಸಿ): ನೋಡಿದೇನು ಚನ್ನಿ? ಹಾಲಿನಾಕಿನ ಒಪ್ಪಿಗ್ಯಂಡ್ಲು! ಖರೇ ಹೇಳು ವಿರೂಪಮ್ಮ, ನಿಮ್ಮ ಎಮ್ಮಿದೋ ನಂದೋ, ಯಾರ ಹಾಲು ಚಲೋ?

ವಿರೂಪಮ್ಮ ಕ್ಯಾನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

ವಿರೂಪಮ್ಮ: ಹಾಲು ಎಮ್ಮಿದ ಚಲೋ ಅಣ್ಣಾ. ನಿಮ್ಮದು ಹಿಂಡಿ ಚಲೋ ಐತಿ.