ಎಂಜಲೆಣ್ಣೆ ಕುಡಿದ ಕಾರು

ಆ ಭಾನುವಾರ ಮಧ್ಯಾಹ್ನ ಆರ್.ಟಿ. ನಗರದ ನಮ್ಮ ಮನೆಯ ಮುಂದೆ ನಾಲ್ವರಿದ್ದೆವು: ಯಲಹಂಕದಿಂದ ಬಂದಿದ್ದ ದೊಡ್ಡಪ್ಪ, ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದ ನನ್ನ ಹೆಂಡತಿ ಪದ್ಮ, ನಾನು, ಮತ್ತು ನನ್ನ ಹಳೇ ಕಾರು. ಕಾರನ್ನೂ ಲೆಕ್ಕಕ್ಕೆ ಹಿಡಿದೆನೆಂದು ನಗಬೇಡಿ. ಅಂದಿನ ರಾದ್ಧಾಂತವೆಲ್ಲ ಅದರ ಹೊಟ್ಟೆಯೊಳಗಿನದೇ. ಚಿಕ್ಕಜಾಲದಲ್ಲಿ ತಂಗಿ ಸರಸುವಿನ ಮದುವೆಯ ಮಾತುಕತೆ. ಗಂಡಿನ ಕಡೆಯವರು ಕಾದಿದ್ದರು. ಅಪ್ಪ ಇಲ್ಲದ ಮನೆ ನಮ್ಮದು. ದೊಡ್ಡಪ್ಪ ಹೋಗಿ ಮಾತು ಕೊಡದೆ ಏನೂ ನಡೆಯುವಂತಿರಲಿಲ್ಲ. ನಾಲ್ಕೂವರೆಗೆ ರಾಹುಕಾಲ ಬೇರೆ.

ಗುಟ್ಟು ಇಟ್ಟುಕೊಳ್ಳುವ ಬಾಯಿಯನ್ನು ದೇವರು ನನಗೆ ಕೊಡಲಿಲ್ಲ. ದೊಡ್ಡಪ್ಪ ಕಾರಿನ ಬಾಗಿಲಿಗೆ ಕೈ ಹಾಕಿದ್ದರು. ಸುಮ್ಮನಿದ್ದಿದ್ದರೆ ಹತ್ತಿಬಿಡುತ್ತಿದ್ದರು. ನಾನು ಜಂಬದಿಂದ, "ನಿನ್ನೆ ತಾನೇ ಇಂಜಿನ್ ಎಣ್ಣೆ ಬದಲಾಯಿಸಿದೀನಿ ದೊಡ್ಡಪ್ಪ. ಯಶವಂತಪುರದ ಮೆಕ್ಯಾನಿಕ್ ಬಷೀರಣ್ಣ ಹಳೇ ಎಣ್ಣೇನ ಕಾಯಿಸಿ, ಮಣ್ಣಲ್ಲಿ ಸೋಸಿ ಹೊಸದರ ಹಾಗೆ ಮಾಡ್ತಾನೆ" ಎಂದೆ.

ದೊಡ್ಡಪ್ಪನ ಕೈ ಬಾಗಿಲಿನಿಂದ ಹಿಂದೆ ಬಂತು. "ಅಳೇ ಎಣ್ಣೆ ಅಂದ್ರೆ? ಯಾರದ್ಲಾ?"

"ಯಾವುದೋ ಲಾರಿದು ಇರಬೇಕು."

"ಅಯ್ಯೋ ಮುಂಡೇದೆ! ಯಾವನೋ ಲಾರಿಯೋನ ಎಂಜ್ಲು ಕುಡ್ಸಿದೀಯ? ಸುಬಕಾರ್ಯಕ್ಕೆ ನಾನು ಇದ್ರಾಗೆ ಬರಾಕಿಲ್ಲ. ಬಸ್ಸಿಗೆ ಓಯ್ತೀನಿ."

ಭಾನುವಾರದ ಬಸ್ಸು ನಂಬಿದವರು ಮದುವೆಗಲ್ಲ, ನಾಮಕರಣಕ್ಕೆ ಮುಟ್ಟುತ್ತಿದ್ದ ಕಾಲ ಅದು. ಬಷೀರಣ್ಣ ನನಗೆ ಹೇಳಿದ್ದನ್ನೇ ಒಪ್ಪಿಸಿದೆ: "ಎಣ್ಣೆ ಸವೆಯಲ್ಲ ದೊಡ್ಡಪ್ಪ, ಕೊಳೆ ಆಗುತ್ತೆ ಅಷ್ಟೆ. ಪಂಚೆ ಕೊಳೆ ಆದ್ರೆ ಒಗೀತೀರೋ, ಬಿಸಾಕ್ತೀರೋ?"

"ಒಗ್ದು ನಂದೇ ಉಟ್ಕೋತೀನಿ ಕಣ್ಲಾ. ಇನ್ನೊಬ್ಬಂದು ಉಡ್ತೀನಾ?"

ನಾನು ಕಚೇರಿಯ ಗುಮಾಸ್ತ. ಗುಮಾಸ್ತನ ಬಳಿ ಉತ್ತರ ಇಲ್ಲದಿದ್ದರೂ ಕಾಗದ ಇದ್ದೇ ಇರುತ್ತದೆ. ಕಚೇರಿಯಿಂದ ತಂದಿಟ್ಟಿದ್ದ, ಶಾಯಿ ಹೀರುವ ಒತ್ತುಕಾಗದ ತೆಗೆದೆ. ಎಣ್ಣೆಯ ಗುಣ ನೋಡಲು ಬಷೀರಣ್ಣನೂ ಅದನ್ನೇ ಬಳಸುತ್ತಿದ್ದ. ಕೊಳೆ ಇದ್ದರೆ ತೊಟ್ಟಿನ ನಡುವೆ ಕಪ್ಪು ಉಳಿಯುತ್ತದೆ. ಬಷೀರಣ್ಣ ಕೊಟ್ಟಿದ್ದ ಡಬ್ಬಿಯಲ್ಲಿ ಮಿಕ್ಕಿದ್ದ ಎಣ್ಣೆಯ ಒಂದು ತೊಟ್ಟು ಬಿಟ್ಟೆ. ಜೇನಿನ ಬಣ್ಣದಲ್ಲಿ ಸೊಗಸಾಗಿ ಹರಡಿತು.

ದೊಡ್ಡಪ್ಪ ಬಗ್ಗಿ ನೋಡಿ, "ಇದ್ರ ಪಕ್ಕ ಒಂದು ಒಳ್ಳೇ ಎಣ್ಣೆ ಬುಡು, ನೋಡಾನ" ಎಂದರು.

ನಮ್ಮ ಮನೆಯಲ್ಲಿ ಒಳ್ಳೆಯ ಎಣ್ಣೆ ಎಂದರೆ ಅಡುಗೆಮನೆಯದು. ಗಂಡಿನ ಮನೆಗೆಂದು ಪದ್ಮ ಆಗತಾನೇ ಕೋಡುಬಳೆ ಕರಿದು ಇಳಿಸಿದ್ದ ಬಾಣಲೆಯಿಂದ ಒಂದು ಚಮಚ ತಂದು, ಹಿಂದೆಮುಂದೆ ನೋಡದೆ ತೊಟ್ಟಿಕ್ಕಿಸಿದೆ. ಅದರ ನಟ್ಟನಡುವೆ ಕಾಡಿಗೆಯ ಬೊಟ್ಟಿನಂಥ ಕಪ್ಪು ನಿಂತಿತು. ಹಬ್ಬದ ಪೂರಿ, ನೆಂಟರು ಬಂದಾಗಿನ ಹಪ್ಪಳ, ಮೊನ್ನೆಯ ಬೋಂಡ, ಎಲ್ಲವೂ ಒಟ್ಟಿಗೆ ಬಂದು ಸಾಕ್ಷಿ ಹೇಳಿದಂತಿತ್ತು.

"ಏನ್ರೀ ಅದು?" ಬಾಗಿಲಲ್ಲಿ ಕೋಡುಬಳೆಯ ಡಬ್ಬ ಹಿಡಿದು ಪದ್ಮ ನಿಂತಿದ್ದಳು.

ನಾನು ಕಾಗದ ಮಡಿಸುವಷ್ಟರಲ್ಲಿ ದೊಡ್ಡಪ್ಪ ನಗಲು ಶುರುಮಾಡಿದರು. ಪೇಟ ಜಾರುವಷ್ಟು ನಕ್ಕರು. "ಇದ್ರಾಗೆ ಕರ್ದಿದ್ದನ್ನ ಈಗ್ತಾನೆ ಆರು ತಿಂದಿವ್ನಿ ಕಣವ್ವಾ! ಏನ್ ರುಚಿ ಅಂತೀಯ! ನಾನು ತಿಂದು ಗಟ್ಟಿಯಾಗಿರೋವಾಗ ಈ ಕಾರಿಗೆ ಬಂದಿದ್ದೇನ್ಲಾ? ನಡಿ, ಒತ್ತಾಯ್ತು" ಎನ್ನುತ್ತಾ ಹತ್ತಿ ಕೂತರು.

ಕಾರು ಒಮ್ಮೆಯೂ ಕೆಮ್ಮದೆ ಹೆಬ್ಬಾಳ ದಾಟಿತು, ಯಲಹಂಕ ದಾಟಿತು. ನಾಲ್ಕಕ್ಕೆಲ್ಲ ಮೂವರೂ ಚಿಕ್ಕಜಾಲದಲ್ಲಿದ್ದೆವು. ಮಾತು ಮುಗಿಯಿತು, ಸರಸುವಿನ ಮದುವೆ ನಿಶ್ಚಯವಾಯಿತು. ಗಂಡಿನ ತಾಯಿ ಕೋಡುಬಳೆ ಬಾಯಲ್ಲಿಟ್ಟುಕೊಂಡು, "ಇಷ್ಟು ಗರಿಗರಿಯಾಗಿ ಹೇಗೆ ಮಾಡಿದ್ರಮ್ಮಾ?" ಎಂದು ಕೇಳಿದರು. ಪದ್ಮ ನನ್ನ ಕಡೆ ನೋಡಿದ ನೋಟವನ್ನು ಯಾವ ಮಣ್ಣಿನಲ್ಲೂ ಸೋಸಲಾಗುತ್ತಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಬಾಣಲೆ ಒಲೆಯೇರಲಿಲ್ಲ. ಮೂರು ತಿಂಗಳ ಮೇಲೆ ತಡೆಯಲಾರದೆ ಬೋಂಡ ಕೇಳಿದೆ. ಪದ್ಮ ಆ ಕರಿದ ಎಣ್ಣೆಯನ್ನು ಡಬ್ಬಿಗೆ ಸುರಿದು ಕೈಗಿತ್ತು, "ನಿಮ್ಮ ಬಷೀರಣ್ಣನ ಹತ್ರ ಸೋಸಿಸ್ಕೊಂಡು ಬನ್ನಿ, ಮಾಡ್ತೀನಿ" ಎಂದಳು.

ಬೋಂಡದ ಆಸೆ, ಹೋದೆ. ಬಷೀರಣ್ಣ ಮುಚ್ಚಳ ತೆಗೆದು ಮೂಸಿದ. ಬೆಳಕಿಗೆ ಹಿಡಿದು ನೋಡಿದ. ಮತ್ತೆ ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟ.

"ಯಾವ ಲಾರಿದು ಸಾರ್ ಇದು? ನನ್ನ ಕೈಲಿ ಆಗಲ್ಲ."

ಮನೆಗೆ ಬಂದು, ಬಷೀರಣ್ಣನ ಅಂಗಡಿ ಮುಚ್ಚಿತ್ತು ಎಂದೆ. ನಾನು ಇಟ್ಟುಕೊಂಡ ಮೊದಲ ಗುಟ್ಟು ಅದು.