ಹಣಮಂತ್ರಾಯನ ಕರಗದ ಹಾಳೆ

ಕೈ ಸುಮ್ಮನಿರದ ಗಂಡನನ್ನು ಕಟ್ಟಿಕೊಂಡ ಪಾಡೇನೆಂದು ವಡಗೇರಾದಲ್ಲಿ ಯಾರಾದರೂ ಕೇಳುವುದಿದ್ದರೆ ಮೌನಮ್ಮನನ್ನು ಕೇಳಬೇಕು. (ಹೆಸರಿಗಷ್ಟೇ ಮೌನ, ಒಮ್ಮೆ ಶುರುವಿಟ್ಟರೆ ಕಾಲುವೆಗೆ ನೀರು ಬಿಟ್ಟಂತೆ, ಗೇಟು ಇಳಿಸುವವರಿಲ್ಲ.) ಆಕೆಯ ಗಂಡ ಹಣಮಂತ್ರಾಯ, ಒಲೆಯ ಮೇಲಿಟ್ಟ ಅನ್ನದ ಮುಚ್ಚಳವನ್ನು ಹತ್ತು ಸಲ ತೆಗೆದು ನೋಡುವ ಜಾತಿಯವನು.

ಆತ ಕಡೇಚೂರ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೆಕ್ಕೆಜೋಳದ ಹಿಟ್ಟಿನಿಂದ, ಮಣ್ಣಲ್ಲಿ ಕರಗಿಹೋಗುವ ಪ್ಲಾಸ್ಟಿಕ್ ಹಾಳೆ ಮಾಡುವ ಕಾರ್ಖಾನೆ. ಬರೀ ಹಿಟ್ಟಿನ ಹಾಳೆ ನೀರು ತಾಗಿದ ಹಪ್ಪಳದಂತೆ ಮೆತ್ತಗಾಗುತ್ತದೆಂದು ಅದಕ್ಕೆ ಪಿಂಗಾಣಿಯ ನುಣ್ಣನೆಯ ಪುಡಿ ಬೆರೆಸುತ್ತಿದ್ದರು. ಪುಡಿ ಕಡಿಮೆಯಾದರೆ ಹರಿಯುತ್ತದೆ. ಹೆಚ್ಚಾದರೆ ಮಡಚಿದಲ್ಲಿ ಚಟ್ಟನೆ ಮುರಿಯುತ್ತದೆ. ಕಡೆಗೊಮ್ಮೆ ಹದ ಸಿಕ್ಕಿತು. ಐದು ಕಿಲೋ ಜೋಳ ತುಂಬಿ ತೂಗುಹಾಕಿದರೂ ಹಾಳೆ ಜಪ್ಪಯ್ಯ ಅನ್ನಲಿಲ್ಲ. ಆದರೆ ಇಷ್ಟು ಗಟ್ಟಿ ಹಾಳೆ ಕರಗೀತೆ?

ಎಂಜಿನಿಯರ್ ಮನ್ಸೂರಅಲಿ ಸಾಹೇಬರು ಒಂದು ಮಾರು ಹಾಳೆ ಹರಿದುಕೊಟ್ಟರು. "ಮೂರು ತಿಂಗಳು ಮಣ್ಣಾಗ ಹೂತಿಡ್ರಿ. ನಾನ ಬಂದು ನೋಡ್ತೀನಿ. ಕರಗಿದ್ರ ಪರೀಕ್ಷಾ ವಿಭಾಗ ನಿಮ್ಮ ಕೈಯಾಗ."

ಪರೀಕ್ಷಾ ವಿಭಾಗಾಧಿಪತಿ ಹಣಮಂತ್ರಾಯ! ಮನೆಗೆ ಮರಳುವ ಬಸ್ಸಿನಲ್ಲೇ ಆತನ ಎದೆ ಎರಡಂಗುಲ ಉಬ್ಬಿತು. ಅರ್ಧ ಹಾಳೆಯನ್ನು ಹಿತ್ತಲಲ್ಲಿ ಶಾಸ್ತ್ರೋಕ್ತವಾಗಿ ಹೂತ. ಉಳಿದರ್ಧದಲ್ಲಿ ಮೌನಮ್ಮ ತೆಂಗಿನ ಚಿಪ್ಪು, ಉಳ್ಳಾಗಡ್ಡಿ ಸಿಪ್ಪೆ ಗಂಟುಕಟ್ಟಿ ತಿಪ್ಪೆಗೆಸೆದು ಮರೆತಳು.

ಹಣಮಂತ್ರಾಯ ಮರೆಯಲಿಲ್ಲ. ಮರುದಿನವೇ ಅಗೆದ.

"ಏನ್ ತೆಗ್ಯಾಕತ್ತೀರಿ? ನಿನ್ನೇನ ಹೂತೀರಲ್ರಿ!"

"ಪ್ರಗತಿ ನೋಡಾಕತ್ತೇನಿ."

"ಒಂದ ದಿನಕ್ಕ ಏನ್ ಪ್ರಗತಿರಿ? ಅದನ್ನರ ಒಂದೀಟು ಮಲಗಾಕ ಬಿಡ್ರಿ."

"ವಿಜ್ಞಾನ ನಿನಗ ತಿಳಿಯಂಗಿಲ್ಲ, ಸುಮ್ನಿರು."

ಅಂದಿನಿಂದ ದಿನವೂ ಅದೇ ಪೂಜೆ. ಅಗೆಯುವುದು, ತೊಳೆಯುವುದು, ಬಿಸಿಲಿಗೆ ಒಣಹಾಕುವುದು, ಎಳೆದು ನೋಡುವುದು, ಮತ್ತೆ ಹೂಳುವುದು. ಜಾಗ ಸರಿಯಿಲ್ಲವೆಂದು ಬಚ್ಚಲ ಬಳಿಯಿಂದ ಕರಿಬೇವಿನ ಬುಡಕ್ಕೆ, ಅಲ್ಲಿಂದ ಮೆಂತ್ಯೆ ಮಡಿಗೆ ವರ್ಗಾವಣೆ. ಮೆಂತ್ಯೆ ಪೂರ್ತಿ ಕಿತ್ತುಬಂತು. ಆ ದಿನ ಮೌನಮ್ಮ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೂರು ತಿಂಗಳಿಗೆ ಸಾಹೇಬರು ಬಂದರು. ಹಣಮಂತ್ರಾಯ ಹಾಳೆ ಅಗೆದು ಹೊರತೆಗೆದ. ಮದುವಣಗಿತ್ತಿಯಂತೆ ಥಳಥಳ ಹೊಳೆಯಿತು.

"ಕರಗವಲ್ದ್ರಿ ಸಾಹೇಬ್ರ," ಎಂದ, ಅಳುವ ದನಿಯಲ್ಲಿ.

ಸಾಹೇಬರ ಮುಖ ಇಳಿಯಿತು. "ಅಂದ್ರ ನಮ್ಮ ಹದಾನ ತಪ್ಪೇತಿ. ಮತ್ತ ಮೊದಲಿಂದ ಶುರು ಮಾಡಬೇಕು."

ಚಹಾ ತಂದ ಮೌನಮ್ಮ ನಿಂತಳು. "ಯಾವ ಹಾಳಿರಿ? ಇದರ ಜೋಡಿದು ನಾ ತಿಪ್ಪಿಗೆ ಒಗದೇನಿ. ಬರ್ರಿ, ನೋಡೋಣು."

ತಿಪ್ಪೆ ಕೆದಕಿದರು. ತೆಂಗಿನ ಚಿಪ್ಪು ಸಿಕ್ಕವು, ಗಂಟಿಲ್ಲ. ಚಿಪ್ಪಿಗಂಟಿದ್ದ ಪೊರೆಯಂಥ ನಾಲ್ಕು ಚೂರುಗಳನ್ನು ಸಾಹೇಬರು ಮುಟ್ಟಿದ್ದೇ ತಡ, ಬೆರಳಿಗೆ ಬಿಳಿ ಪುಡಿಯಾಗಿ ಹತ್ತಿದವು.

"ವಾಹ್! ಅಕ್ಕಾರ, ಇದನ್ನ ಎಷ್ಟು ಸಲ ತೆಗೆದು ನೋಡೀರಿ?"

"ಒಮ್ಮಿನೂ ಇಲ್ರಿ. ನನಗ ಮನ್ಯಾಗ ಕೆಲಸ ಅದಾವು."

ಸಾಹೇಬರು ಹಣಮಂತ್ರಾಯನತ್ತ ತಿರುಗಿದರು. "ಹಸಿ ಬೇಕು, ಕಾವು ಬೇಕು, ಹುಳ ಬೇಕು. ನೀವು ದಿನಾ ತೊಳದು ಒಣಗಿಸಿದ್ರ ಅದು ಹೆಂಗ ಕೊಳೀಬೇಕ್ರಿ?"

ಜೀಪಿನಲ್ಲಿದ್ದ ಹೊಸ ಹಾಳೆಗಳ ಸುರುಳಿಯನ್ನು ಅವರು ಸೀದಾ ಮೌನಮ್ಮನ ಕೈಗಿಟ್ಟರು. "ಇನ್ನ ಪರೀಕ್ಷೆ ಎಲ್ಲಾ ನಿಮ್ಮ ತಿಪ್ಪ್ಯಾಗ. ಪಗಾರ ಕಾರ್ಖಾನಿ ಕೊಡ್ತದ."

"ಮತ್ತ... ನನಗೇನ್ ಕೆಲಸರಿ?" ಹಣಮಂತ್ರಾಯ ಮೆಲ್ಲಗೆ ಕೇಳಿದ.

ಸಾಹೇಬರು ಮೌನಮ್ಮನ ಕಡೆ ನೋಡಿದರು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ದಿನಾ ಎರಡು ಪುಟ್ಟಿ ಸಗಣಿ ತಂದು ಹಾಕಲಿ. ಹಾಕಿ, ಹಿಂದ ತಿರುಗಿ ನೋಡ್ದಂಗ ಹೋಗಲಿ."

ಸಾಹೇಬರು ಅದನ್ನು ಡೈರಿಯಲ್ಲಿ ಬರೆದುಕೊಂಡರು.