ಗಡ್ಡ ಹೊತ್ತ ಹೆಲಿಕಾಪ್ಟರ್

ನಮ್ಮ ವಂಶದಲ್ಲಿ ಯಂತ್ರದ ಜೊತೆ ಬರುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಮೊದಲಿಗ ನಾನು. ನಮ್ಮಪ್ಪ ಪಂಪ್‌ಸೆಟ್ ನಿಂತರೆ ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿತ್ತು. ನಮ್ಮ ದೊಡ್ಡಪ್ಪ ರೇಡಿಯೋವನ್ನು ಬೈಯುತ್ತಿದ್ದರು, ಅದು ಹೆದರಿ ಹಾಡುತ್ತಿತ್ತು. ನಾನಾದರೋ ಡಿಗ್ರಿ ಮುಗಿಸಿ, ವಿದ್ಯುತ್ ಇಲಾಖೆಯ ಮೀಟರ್ ಪರೀಕ್ಷಾ ಕೊಠಡಿಯಲ್ಲಿ ಕೂತು, ಅಡ್ಡದಾರಿ ಹಿಡಿದ ಮೀಟರುಗಳನ್ನು ಸರಿದಾರಿಗೆ ತರುವವನು. ಅಂಥವನು ಕೈಯಳತೆಯ ಒಂದು ಹೆಲಿಕಾಪ್ಟರಿಗೆ ಹೆದರುತ್ತೇನೆಯೇ?

ರಿಮೋಟಿನಿಂದ ಹಾರಿಸುವ ಆ ಹೆಲಿಕಾಪ್ಟರನ್ನು ನಾನು ಕೊಂಡಿದ್ದು ಕಳೆದ ವರ್ಷ. ಅದು ಹಾರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಕಿಟಕಿಯೆತ್ತರಕ್ಕೆ ಏರಿ, ತುಸು ಗಾಳಿ ಬೀಸಿದರೆ ಸಾಕು, ಕುಡಿದವರಂತೆ ತೂರಾಡಿ ಪರದೆಯನ್ನು ಅಪ್ಪಿಕೊಳ್ಳುತ್ತಿತ್ತು. ಇದು ನನ್ನಂಥ ಪದವೀಧರನಿಗೆ ಶೋಭೆಯೇ? ಅದನ್ನು ಮೇಲ್ದರ್ಜೆಗೆ ಏರಿಸಲೇಬೇಕೆಂದು ಪಣ ತೊಟ್ಟೆ. ಕಾರ್ಬನ್ ರೆಕ್ಕೆ ಬಂತು. ದೊಡ್ಡ ಮೋಟಾರ್ ಬಂತು. ಅದಕ್ಕೆ ತಕ್ಕ ಬ್ಯಾಟರಿ, ಲೋಹದ ಬಾಲ, ಕೊನೆಗೆ ಜೈರೋ ಕೂಡ ಬಂತು. ಜೈರೋ ಎಂದರೆ ಬೆರಳ ತುದಿಯಷ್ಟು ದೊಡ್ಡ ಡಬ್ಬಿ. ಹೆಲಿಕಾಪ್ಟರಿನ ಮೂತಿ ಬಲಕ್ಕೆ ಹೊರಳಿದರೆ ಎಡಕ್ಕೆ ತರುವುದು, ಎಡಕ್ಕೆ ಹೊರಳಿದರೆ ಬಲಕ್ಕೆ ತರುವುದು, ಇಷ್ಟೇ ಅದರ ಕೆಲಸ.

"ಹಳೆಯದಕ್ಕೆ ಏನಾಗಿತ್ತು?" ಎಂದಳು ಹೆಂಡತಿ.

"ಅದು ಬರೀ ಹಾರ್ತಿತ್ತು. ಇದು ವಿಹಾರ ಮಾಡುತ್ತೆ."

"ಮಿಕ್ಸಿ ರಿಪೇರಿ ಮಾಡಿ ಅಂದಿದ್ನಲ್ಲ, ಅದು ಯಾವಾಗ ವಿಹಾರ ಮಾಡುತ್ತೆ?"

ಹುರುಳಿಕಾಯಿ ಮುರಿಯುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದರು, "ಮೇಲೆ ಹೋಗೋದು ಸರಿ ಕಣೋ, ಕೆಳಗೆ ಬರುತ್ತೋ ಇಲ್ವೋ ಅದನ್ನು ಹೇಳು."

"ಬರುತ್ತಮ್ಮ. ನಾನು ಹೇಳಿದಾಗ ಬರುತ್ತೆ."

"ನೀನೇ ನಾನು ಹೇಳಿದಾಗ ಬರಲ್ಲ," ಎಂದು ಅಮ್ಮ ಮತ್ತೊಂದು ಹುರುಳಿಕಾಯಿ ಮುರಿದರು.

ನನ್ನ ಹೆಂಡತಿಯ ಕಸುಬು ಇಲ್ಲಿ ಹೇಳಬೇಕು. ಅವಳು ನಾಟಕದವರಿಗೆ ವಿಗ್ಗು, ಗಡ್ಡ, ಮೀಸೆ ಕಟ್ಟಿಕೊಡುವವಳು. ತೆಳುವಾದ ಬಲೆಬಟ್ಟೆಗೆ ಸಣ್ಣ ಕೊಕ್ಕೆಯಿಂದ ಕೂದಲನ್ನು ಎಳೆ ಎಳೆಯಾಗಿ ಗಂಟು ಹಾಕಿ, ಮರದ ಗಲ್ಲದ ಮೇಲೆ ಕೂರಿಸಿ, ಒದ್ದೆ ಮಾಡಿ, ಸುರುಳಿ ಸುತ್ತಿ ಒಣಗಿಸಬೇಕು. ನಮ್ಮ ನಡುಮನೆಯಲ್ಲಿ ಸದಾ ನಾಲ್ಕಾರು ಮರದ ಜನ ತಲೆ ಮಾತ್ರ ತಂದು ಕೂತಿರುತ್ತಾರೆ. ಇಷ್ಟು ದಿನ ಅವಳಿಗೆ ಬರುತ್ತಿದ್ದುದು ಶಾಲೆಯ ನಾಟಕಗಳ ಚಿಲ್ಲರೆ ಮೀಸೆಗಳು. ಈಗ ಮೊದಲ ಸಲ ದೊಡ್ಡ ನಾಟಕ ಕಂಪನಿಯ ಯಜಮಾನರು ಬಂದು ಮುದಿ ರಾಜನ ಬಿಳಿ ಗಡ್ಡ, ಅದಕ್ಕೊಪ್ಪುವ ಮೀಸೆ ಹೇಳಿ ಹೋಗಿದ್ದರು. ರಾಜನ ಪಾತ್ರ ಅವರದೇ. ಭಾನುವಾರ ಸಂಜೆ ಆಟ, ಅದಕ್ಕೆ ಮೊದಲು ತಾವೇ ಬಂದು ಗಡ್ಡ ಒಯ್ಯುವವರಿದ್ದರು. ಹಿಡಿಸಿದರೆ ಇಡೀ ವರ್ಷದ ಕೂದಲ ಕೆಲಸ ಅವಳಿಗೆ. ಹಿಡಿಸದಿದ್ದರೆ ಮತ್ತೆ ಶಾಲೆಯ ಮೀಸೆಗಳೇ ಗತಿ. ಹದಿನೈದು ದಿನದಿಂದ ಅವಳು ಆ ಗಡ್ಡದ ಮುಂದೆ ಕೂತಲ್ಲಿಂದ ಎದ್ದಿರಲಿಲ್ಲ. ನನ್ನ ಮುಖವನ್ನು ಅವಳು ಅಷ್ಟು ಹೊತ್ತು ಒಮ್ಮೆಯೂ ನೋಡಿಲ್ಲ.

ಭಾನುವಾರ ಬೆಳಗ್ಗೆ ಕರೆಂಟ್ ಹೋಯಿತು. ಕೂದಲು ಒಣಗಿಸುವ ಯಂತ್ರ ಸುಮ್ಮನೆ ಕೂತಿತು.

"ನಿಮ್ಮ ಇಲಾಖೆಗೆ ಫೋನ್ ಮಾಡಿ," ಎಂದಳು.

"ನಾನು ಮೀಟರ್ ವಿಭಾಗ. ತಂತಿ ವಿಭಾಗ ಬೇರೆ."

"ಒಟ್ಟಿನಲ್ಲಿ ಕೆಲಸ ಆಗದ ವಿಭಾಗ." ಗಡ್ಡ ಹೊತ್ತ ಮರದ ಗಲ್ಲವನ್ನು ಮಗುವಿನಂತೆ ಎತ್ತಿಕೊಂಡು ತಾರಸಿಗೆ ಹೊರಟಳು. ಹಿಂದೆಯೇ ನಾನು ಹೆಲಿಕಾಪ್ಟರ್ ಎತ್ತಿಕೊಂಡು ಹೋದದ್ದು ನೋಡಿ ಮೆಟ್ಟಿಲ ಮೇಲೇ ನಿಂತಳು. "ನೀವೆಲ್ಲಿಗೆ?"

"ಇವತ್ತು ಇದರ ಚೊಚ್ಚಲ ಹಾರಾಟ."

"ನನ್ನ ಗಡ್ಡದ ಹತ್ತಿರ ಬರಕೂಡದು."

"ನಾನ್ಯಾಕೆ ಬರಲಿ?"

ನಾನು ಹೋಗಲಿಲ್ಲ ಎಂಬುದನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಹೋದದ್ದು ಹೆಲಿಕಾಪ್ಟರ್.

ಅವಳು ಮೀಸೆ ಮುಗಿಸಲು ಕೆಳಗಿಳಿದಳು. ತಾರಸಿಯ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಗಡ್ಡ, ಎದುರು ಮೂಲೆಯಲ್ಲಿ ನಾನು, ನಡುವೆ ಬಟ್ಟೆ ಒಣಗಿಸುವ ಹಗ್ಗ. ಕೈಪಿಡಿಯಲ್ಲಿ ಹೇಳಿದಂತೆ ಗಾಳಿಯ ದಿಕ್ಕು ನೋಡಿದೆ. ಕೈಪಿಡಿಯಲ್ಲಿ ಹೇಳಿದಂತೆ ಹತ್ತು ಹೆಜ್ಜೆ ಹಿಂದೆ ಸರಿದೆ. ಮೋಟಾರಿಗೆ ಬಲ ಕೊಟ್ಟೆ. ಏನು ಆರ್ಭಟ! ಹಳೆಯದು ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿತ್ತು. ಇದು ಹಿಟ್ಟಿನ ಗಿರಣಿಯಂತೆ ಗುಡುಗಿತು. ಮೊಣಕಾಲೆತ್ತರಕ್ಕೆ ಏರಿತು. ನನ್ನ ಎದೆ ಅದಕ್ಕಿಂತ ಒಂದು ಗೇಣು ಹೆಚ್ಚು ಏರಿತು.

ಆಮೇಲೆ ಅದು ತಿರುಗಲು ಶುರುಮಾಡಿತು.

ಮೂತಿ ಬಲಕ್ಕೆ ಹೊರಳಿತು. ಜೈರೋ ಇದೆಯಲ್ಲ, ಎಡಕ್ಕೆ ತರುತ್ತದೆ ಎಂದು ಕಾದೆ. ಜೈರೋ ಅದನ್ನು ಇನ್ನಷ್ಟು ಬಲಕ್ಕೆ ತಳ್ಳಿತು. ಅದು ಹೊರಳಿದಷ್ಟೂ ಇದು ತಳ್ಳಿತು, ಇದು ತಳ್ಳಿದಷ್ಟೂ ಅದು ಹೊರಳಿತು. ಎರಡೂ ಸೇರಿ ಬುಗುರಿಯಂತೆ ಸುತ್ತತೊಡಗಿದವು. ನಾನು ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದೆ, ಬಲಕ್ಕೆ ಒತ್ತಿದೆ, ಕೊನೆಗೆ ನಾನೇ ಎಡಕ್ಕೂ ಬಲಕ್ಕೂ ವಾಲಿದೆ. ಸುತ್ತುತ್ತಲೇ ಅದು ತಾರಸಿ ದಾಟಿ ಸ್ಟೂಲಿನ ಬಳಿ ಹೋಯಿತು. ಲೋಹದ ಬಾಲ ರಾಜನ ಗಡ್ಡವನ್ನು ಒಮ್ಮೆ ಸವರಿತು, ಮತ್ತೊಮ್ಮೆ ಸವರಿತು. ಮೂರನೆಯ ಸಲ ಕಿತ್ತುಕೊಂಡೇ ಮೇಲೇರಿತು.

ಬಾಲಕ್ಕೆ ಬಿಳಿ ಗಡ್ಡ ಇಳಿಬಿಟ್ಟುಕೊಂಡು, ಬಿಸಿಲಿನಲ್ಲಿ ಗಿರಗಿರನೆ ತಿರುಗುತ್ತಿದ್ದ ಆ ಹೆಲಿಕಾಪ್ಟರ್, ನಿಜ ಹೇಳಬೇಕೆಂದರೆ, ಬಹಳ ಗಂಭೀರವಾಗಿ ಕಂಡಿತು. ಗಾಬರಿಯಲ್ಲಿ ನಾನು ಮೋಟಾರ್ ನಿಲ್ಲಿಸಿದೆ. ನಿಂತ ಹೆಲಿಕಾಪ್ಟರ್ ಏನು ಮಾಡುತ್ತದೆ ಎಂಬುದೂ ಕೈಪಿಡಿಯಲ್ಲಿತ್ತು. ಬಟ್ಟೆಯ ಹಗ್ಗದ ಮೇಲೆ ಬಿದ್ದು, ನನ್ನ ಆಫೀಸಿನ ಷರಟನ್ನು ಎಳೆದುಕೊಂಡು ನೆಲಕ್ಕಪ್ಪಳಿಸಿತು.

ಸದ್ದು ಕೇಳಿ ಹೆಂಡತಿ ಮೇಲೆ ಬಂದಳು. ಹಿಂದೆ ಅಮ್ಮ. ಹೆಂಡತಿ ಸ್ಟೂಲಿನ ಮೇಲಿನ ಬೋಳು ಗಲ್ಲ ನೋಡಿದಳು. ನನ್ನ ಗಲ್ಲ ನೋಡಿದಳು. ಕೂಗಾಡುತ್ತಾಳೆ ಎಂದು ನಾನು ಸಿದ್ಧನಾಗಿದ್ದೆ, ಅವಳು ಕೂಗಲಿಲ್ಲ. ನೆಲದ ಮೇಲೆ ಕೂತು, ಬಾಲಕ್ಕೆ ಸುತ್ತಿದ ಕೂದಲನ್ನು ಬಿಡಿಸತೊಡಗಿದಳು. ಕಿತ್ತು ಬಂದ ಎಳೆಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ಜೈರೋ ಉಲ್ಟಾ ಕೆಲಸ ಮಾಡ್ತು," ಎಂದೆ ಮೆಲ್ಲಗೆ.

"ಯಾಕೆ?"

ನೋಡಿದೆ. ಅಕ್ಷರಗಳಿರುವ ಬದಿ ಮೇಲಕ್ಕಿರಲಿ ಎಂದು ಕೈಪಿಡಿಯಲ್ಲಿ ಬರೆದಿತ್ತು. ನಾನು ಅಕ್ಷರಶಃ ಹಾಗೇ ಅಂಟಿಸಿದ್ದೆ. ಆದರೆ ಅಂಟಿಸುವಾಗ ಹೆಲಿಕಾಪ್ಟರನ್ನು ಕಾಲು ಮೇಲೆ ಮಾಡಿ ಮಲಗಿಸಿದ್ದೆ. ಅದು ಎದ್ದು ನಿಂತಾಗ ಜೈರೋ ತಲೆಕೆಳಗಾಗಿತ್ತು.

"ನಿಮ್ಮಪ್ಪ ಇದ್ದಿದ್ರೆ ಒಂದು ಒದ್ದು ಸರಿ ಮಾಡ್ತಿದ್ರು," ಎಂದರು ಅಮ್ಮ.

"ಹೆಲಿಕಾಪ್ಟರನ್ನಾ?"

ಅಮ್ಮ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

ಬಲಗಡೆಯ ಗಡ್ಡ ಹೇಗೋ ಉಳಿದಿತ್ತು. ಎಡಗಡೆ ಅಂಗೈಯಗಲ ಬೋಳಾಗಿತ್ತು. ಹೆಂಡತಿ ಕೆಳಗೆ ಹೋಗಿ ಕಿಟಕಿಯ ಬೆಳಕಿಗೆ ಕೂತು ಮತ್ತೆ ಗಂಟು ಹಾಕಲು ಹಿಡಿದಳು. ನಾನು ಕೂದಲಿನ ಎಳೆಗಳನ್ನು ಉದ್ದ ನೋಡಿ ಆರಿಸಿ ಕೊಟ್ಟೆ, ಅಮ್ಮ ಕೊಕ್ಕೆಗಳನ್ನು ಹಿಡಿದು ನಿಂತರು. ಯಾರೂ ಊಟದ ಮಾತೆತ್ತಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಗಡ್ಡವೇನೋ ತುಂಬಿತು. ಆದರೆ ಸುರುಳಿ ಕೂರಿಸಲು ಒದ್ದೆ ಮಾಡಲೇಬೇಕಿತ್ತು, ಒದ್ದೆ ಮಾಡಿದ ಮೇಲೆ ಒಣಗಲೇಬೇಕಿತ್ತು. ಹೊರಗೆ ಮೋಡ ಕವಿದಿತ್ತು. ಕರೆಂಟ್ ಇನ್ನೂ ಬಂದಿರಲಿಲ್ಲ.

"ಬೀಸಣಿಗೆಯಲ್ಲಿ ಬೀಸ್ಲಾ?" ಎಂದೆ.

"ನಾಳೆ ಬೆಳಗ್ಗೆವರೆಗೂ ಬೀಸಬೇಕು." ಅವಳು ಗಡ್ಡವನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಹೆಲಿಕಾಪ್ಟರಿನ ಕಡೆ ಹೊರಳಿತು. "ಆ ದರಿದ್ರದ್ದಕ್ಕೆ ಬ್ಯಾಟರಿ ಇದೆಯಾ?"

"ಬ್ಯಾಟರಿ ಇದೆ. ಬಾಲ ಮುರಿದಿದೆ. ಬಾಲವಿಲ್ಲದೆ ಹಾರೋಕಾಗಲ್ಲ, ಒಂದೇ ಸಮ ಸುತ್ತುತ್ತೆ."

"ಕಟ್ಟಿಹಾಕಿದ್ರೆ?"

ಕಟ್ಟಿಹಾಕಿದ ಮೇಲೆ ಬಾಲ ಯಾಕೆ ಬೇಕು? ಇದು ಮಾತ್ರ ಕೈಪಿಡಿಯಲ್ಲಿರಲಿಲ್ಲ. ಕಾರ್ಬನ್ ರೆಕ್ಕೆಗಳು ಚೂರಾಗಿದ್ದವು. ಬಿಚ್ಚಿಟ್ಟಿದ್ದ ಹಳೆಯ ಪ್ಲಾಸ್ಟಿಕ್ ರೆಕ್ಕೆಗಳನ್ನೇ ಮತ್ತೆ ಹಾಕಿದೆ. ಊಟದ ಮೇಜಿನ ಮೇಲೆ ಎರಡು ಸ್ಟೂಲುಗಳನ್ನಿಟ್ಟು, ಮೇಲೊಂದು ಹಲಗೆ ಅಡ್ಡ ಹಾಕಿ, ಹೆಲಿಕಾಪ್ಟರನ್ನು ಅದರ ಅಂಚಿಗೆ ಹಗ್ಗದಿಂದ ಬಿಗಿದೆವು. ಗಾಳಿ ಮೇಜಿನಂಚಿನ ಗಡ್ಡಕ್ಕೆ ಬಡಿಯುವಂತೆ ಮೂತಿ ಬಗ್ಗಿಸಿದೆವು. ಎಲ್ಲರೂ ದೂರ ನಿಂತೆವು. ಮೋಟಾರಿಗೆ ಬಲ ಕೊಟ್ಟೆ. ಗೋಡೆಯ ಕ್ಯಾಲೆಂಡರು ಮುಂದಿನ ವರ್ಷಕ್ಕೆ ಹೋಯಿತು. ಅಮ್ಮ ಅಂದೂ ಮುರಿದಿಟ್ಟಿದ್ದ ಹುರುಳಿಕಾಯಿಯ ನಾರು ಅಡುಗೆಮನೆ ಸೇರಿತು. ಆದರೆ ಗಡ್ಡ ಅಲುಗುತ್ತಾ ಅಲುಗುತ್ತಾ ಒಣಗತೊಡಗಿತು. ಸುರುಳಿಗಳು ಒಂದೊಂದಾಗಿ ಕೂತವು.

ನಾಟಕ ಕಂಪನಿಯ ಯಜಮಾನರು ಬಂದಾಗ ಮೀಸೆಯ ಸರದಿ ನಡೆದಿತ್ತು. ಅವರು ಗಡ್ಡ ಧರಿಸಿ ಕನ್ನಡಿಯ ಮುಂದೆ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಹೆಂಡತಿ ಉಸಿರು ಬಿಗಿಹಿಡಿದಿದ್ದಳು. ಅವರು ಎಡಗಡೆಯ ಗಡ್ಡವನ್ನು ನಿಧಾನವಾಗಿ ನೀವಿದರು.

"ಈ ಕಡೆ ಇನ್ನೂ ದಟ್ಟ ಇದೆ," ಎಂದರು.

ನಾನು ಕಣ್ಣು ಮುಚ್ಚಿದೆ.

"ಚೆನ್ನಾಗಿದೆ. ಸಿಂಹಾಸನದಲ್ಲಿ ಕೂತಾಗ ಜನಕ್ಕೆ ಕಾಣೋದು ನನ್ನ ಎಡಗಡೇನೇ. ಬಲಗಡೇನೂ ಹೀಗೇ ಮಾಡಿಬಿಡಮ್ಮ, ನಾಳೆ ಕಳಿಸಿಕೊಡ್ತೀನಿ. ಈ ವರ್ಷದ್ದೆಲ್ಲಾ ನಿನಗೇ."

ಹೆಂಡತಿ ಬಿಟ್ಟ ಉಸಿರಿಗೆ ಇನ್ನೊಂದು ಗಡ್ಡ ಒಣಗಬಹುದಿತ್ತು. ಯಜಮಾನರು ಆಗ ಮೇಜಿನ ಕಡೆ ನೋಡಿದರು. "ಇದೇನಮ್ಮ, ಹೆಲಿಕಾಪ್ಟರಾ? ಹಾರುತ್ತಾ?"

ಮೋಟಾರಿನ ಶಕ್ತಿ, ಬ್ಯಾಟರಿಯ ಬಲ, ಜೈರೋದ ಮರ್ಮ ಎಲ್ಲವನ್ನೂ ವಿವರಿಸಲು ನಾನು ಬಾಯಿ ತೆರೆದೆ.

"ಹಾರುತ್ತೆ ಸರ್," ಎಂದಳು ಹೆಂಡತಿ. "ಅದಕ್ಕೇ ಕಟ್ಟಿಹಾಕಿದ್ದೀವಿ."

"ಮತ್ತೆ ಇವರು?" ರಿಮೋಟ್ ಹಿಡಿದು ನಿಂತಿದ್ದ ನನ್ನನ್ನು ತೋರಿಸಿ ಅವರು ಕೇಳಿದರು.

ಅಮ್ಮ ಹೇಳಿದರು, "ಇವನೂ ಹಾಗೇ. ಅದಕ್ಕೇ ಮದುವೆ ಮಾಡಿದ್ವಿ."

ಯಜಮಾನರು ಗಡ್ಡ ಕುಣಿಯುವಂತೆ ನಕ್ಕರು. ನಾನು ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಹೆಂಡತಿ ತಿರುಗಿ ನೋಡಿದಳು.

"ರೀ, ಗಾಳಿ ಸ್ವಲ್ಪ ಕಡಿಮೆ ಮಾಡಿ. ಮೀಸೆ ಇನ್ನೂ ಹಸಿ ಇದೆ, ಸುರುಳಿ ಬಿಚ್ಚಿಹೋಗುತ್ತೆ."

ಕಡಿಮೆ ಮಾಡಿದೆ.